ದವಡೆ ಹಿಂದಕ್ಕೆ ಹೋದರೆ ಉಸಿರು ಎಲ್ಲಿಗೆ ಹೋಗಬೇಕು?

ಕನ್ನಡದಲ್ಲಿ ದವಡೆ ಎಂಬ ಪದಕ್ಕೆ ಮರ್ಯಾದೆ ಕಡಿಮೆ. ಕಣ್ಣಿಗೆ, ಮೂಗಿಗೆ, ತುಟಿಗೆ ಕವಿಗಳಿದ್ದಾರೆ. ದವಡೆಗೆ ಇರುವವರು ಜಗಳಗಂಟರು ಮಾತ್ರ. ನಮ್ಮೂರಲ್ಲಿ ಮಾತಿಗೆ ಮಾತು ಬೆಳೆದರೆ "ದವಡೆ ಮುರೀತೀನಿ ನೋಡು" ಅನ್ನೋದು ಕೊನೆಯ ಎಚ್ಚರಿಕೆ. ಬೆಂಗಳೂರಿಗೆ ಬಂದ ಮೇಲೆ ಗೊತ್ತಾಯ್ತು, ಇಲ್ಲಿ ಜನ ದುಡ್ಡು ಕೊಟ್ಟು ದವಡೆ ಮುರಿಸಿಕೊಳ್ಳುತ್ತಾರೆ. ಅರಿವಳಿಕೆ ತಗೊಂಡು, ನುರಿತ ಕೈಗಳಿಂದ, ಮಿಲಿಮೀಟರ್ ಲೆಕ್ಕದಲ್ಲಿ.

ಗೋವಿಂದರಾಜನಗರದ ನಮ್ಮ ಮನೆಯಿಂದ ವಿಜಯನಗರ ಮೆಟ್ರೊ ಸ್ಟೇಷನ್ನಿಗೆ ನಡೆದು ಹೋಗೋ ದಾರಿಯಲ್ಲಿ ಹಲ್ಲಿನ ಕ್ಲಿನಿಕ್ಕುಗಳ ಬೋರ್ಡು ಒಂದಾದ ಮೇಲೊಂದು. ಸ್ಮೈಲ್ ಅನ್ನೋ ಪದ ಇಲ್ಲದ ಬೋರ್ಡು ಹುಡುಕಬೇಕು. ಉಸಿರು ಅನ್ನೋ ಪದ ಮಾತ್ರ ಎಲ್ಲೂ ಕಣ್ಣಿಗೆ ಬಿದ್ದಿಲ್ಲ. ಅದು ಬೋರ್ಡು ಬರೆಸಿದವರ ತಪ್ಪಲ್ಲ. ದವಡೆ ಶಸ್ತ್ರಚಿಕಿತ್ಸೆಯ ಇತಿಹಾಸವೇ ಹಾಗೆ. ಸುಮಾರು 130 ವರ್ಷ ಅದು ಮುಖ ನೋಡಿತು, ಹಲ್ಲು ಕೂರುವುದನ್ನು ನೋಡಿತು. ಅವೆರಡರ ಹಿಂದೆಯೇ ಒಂದು ಗಾಳಿಯ ದಾರಿ ಇದೆ ಅನ್ನೋದು ಲೆಕ್ಕಕ್ಕೆ ಬಂದಿದ್ದು ನಮ್ಮಲ್ಲಿ ಹಲವರು ಹುಟ್ಟುವ ಹೊತ್ತಿಗೆ.

ಮೊದಲು ಆ ದಾರಿ ಹೇಗಿದೆ ನೋಡೋಣ. ನಾಲಗೆ ಬಾಯಲ್ಲಿ ಸುಮ್ಮನೆ ಮಲಗಿಕೊಂಡಿಲ್ಲ. ಅದರ ಮುಖ್ಯ ಸ್ನಾಯು ಗದ್ದದ ಮೂಳೆಯ ಒಳಬದಿಗೆ ಅಂಟಿಕೊಂಡಿದೆ, ಗೂಟಕ್ಕೆ ಕಟ್ಟಿದ ಹಸುವಿನ ಹಾಗೆ. ಮೇಲೆ ಅಂಗುಳದ ಮೆತ್ತನೆ ಭಾಗ, ಅಂದರೆ ಕಿರುನಾಲಗೆ ತೂಗುವ ಪರದೆ, ಮೇಲ್ದವಡೆಯ ಹಿಂಬದಿಯಿಂದ ಇಳಿಬಿದ್ದಿದೆ. ಕೆಳಗೆ ಕತ್ತಿನಲ್ಲಿ ಹಯಾಯ್ಡ್ ಅನ್ನೋ ಕುದುರೆ ಲಾಳದಂಥ ಪುಟ್ಟ ಮೂಳೆ. ಅದು ಬೇರೆ ಯಾವ ಮೂಳೆಗೂ ಕೀಲಿನಿಂದ ಸೇರಿಲ್ಲ, ಸ್ನಾಯುಗಳಲ್ಲೇ ತೂಗಾಡುತ್ತದೆ. ಇವೆಲ್ಲದರ ಹಿಂದೆ ಗಂಟಲು. ಮೂಗಿಗೆ ಮೂಳೆಯ ಗೋಡೆ ಇದೆ, ಶ್ವಾಸನಾಳಕ್ಕೆ ಮೃದ್ವಸ್ಥಿಯ ಉಂಗುರಗಳಿವೆ. ನಡುವಿನ ಗಂಟಲಿನ ಭಾಗಕ್ಕೆ ಸುತ್ತ ಮಾಂಸವೇ ಗೋಡೆ. ತೋಟಕ್ಕೆ ನೀರು ಬಿಡೋ ಮೆತ್ತನೆ ಪೈಪು ಅಂದ್ಕೊಳ್ಳಿ. ಎಚ್ಚರವಿದ್ದಾಗ ಸ್ನಾಯುಗಳು ಅದನ್ನು ತೆರೆದಿಡುತ್ತವೆ. ನಿದ್ದೆಯಲ್ಲಿ ಅವು ಸಡಿಲ ಬಿಡುತ್ತವೆ, ಪೈಪು ಸ್ವಲ್ಪ ಕುಗ್ಗುತ್ತದೆ. ಜಾಗ ಮೊದಲೇ ಕಡಿಮೆ ಇದ್ದವರಿಗೆ ಗೊರಕೆ. ಇನ್ನೂ ಕಡಿಮೆ ಇದ್ದರೆ ಉಸಿರು ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು ನಿಂತೇ ಹೋಗುತ್ತದೆ. ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ, ಮತ್ತೆ ನಿದ್ದೆ, ಮತ್ತೆ ಕಟ್ಟುವುದು. ಇದೇ ಸ್ಲೀಪ್ ಆಪ್ನಿಯಾ.

ಬಿಇ ಓದಿದವರಿಗೆ ಫ್ಲೂಯಿಡ್ ಮೆಕ್ಯಾನಿಕ್ಸಿನ ಒಂದು ಸೂತ್ರ ನೆನಪಿರಬಹುದು. ನಯವಾಗಿ ಹರಿಯುವ ದ್ರವಕ್ಕಾಗಲಿ ಗಾಳಿಗಾಗಲಿ ಕೊಳವೆಯ ತ್ರಿಜ್ಯ ಅರ್ಧಕ್ಕಿಳಿದರೆ ತಡೆ ಎರಡಲ್ಲ, ಹದಿನಾರು ಪಟ್ಟು. ಗಂಟಲು ಅಷ್ಟು ಅಚ್ಚುಕಟ್ಟಾದ ಕೊಳವೆ ಅಲ್ಲ, ನಿಜ. ಆದರೂ ಅಲ್ಲಿ ಎರಡು ಮೂರು ಮಿಲಿಮೀಟರಿಗೆ ಯಾಕಷ್ಟು ಬೆಲೆ ಅನ್ನೋದಕ್ಕೆ ಈ ಸೂತ್ರ ಸಾಕು.

ದವಡೆಗೂ ಉಸಿರಿಗೂ ಇರುವ ಈ ನಂಟನ್ನು ಕೆಲಸಕ್ಕೆ ಬಳಸಿಕೊಂಡವರು ದವಡೆಯ ಸರ್ಜನ್ನರಲ್ಲ, ಅರಿವಳಿಕೆ ಕೊಡುವವರು. ಕ್ಲೋರೋಫಾರಂ ಕೊಟ್ಟ ರೋಗಿಯ ನಾಲಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟಿದಾಗ ಕೆಳದವಡೆಯ ಎರಡೂ ಮೂಲೆಗೆ ಬೆರಳು ಕೊಟ್ಟು ಮುಂದಕ್ಕೆ ಎತ್ತಬೇಕು ಅನ್ನೋದನ್ನು ನಾರ್ವೆಯ ಜೇಕಬ್ ಹೈಬರ್ಗ್, ಜರ್ಮನಿಯ ಸೇನಾ ಸರ್ಜನ್ ಫ್ರೀಡ್ರಿಖ್ ಎಸ್ಮಾರ್ಕ್ 1870ರ ದಶಕದಲ್ಲೇ ಬರೆದಿಟ್ಟರು. ಇವತ್ತಿಗೂ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಕಲಿಸುವ ಜಾ ಥ್ರಸ್ಟ್ ಇದೇ. ನಮ್ಮ ಪಕ್ಕದಲ್ಲೂ ಇದರ ಒಂದು ಅಧ್ಯಾಯ ನಡೆದಿದೆ. ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಕೈಯಲ್ಲಿದ್ದ ಕಾಲ. ಹೈದರಾಬಾದಿನಲ್ಲಿ ಎಡ್ವರ್ಡ್ ಲಾರಿ ಎಂಬ ಬ್ರಿಟಿಷ್ ವೈದ್ಯ ಕ್ಲೋರೋಫಾರಂ ಸಾವುಗಳ ಬಗ್ಗೆ 1888 ಮತ್ತು 1889ರಲ್ಲಿ ಎರಡು ಆಯೋಗ ನಡೆಸಿದ. ಎರಡನೆಯದಕ್ಕೆ ಇಂಗ್ಲೆಂಡಿನಿಂದ ತಜ್ಞರೊಬ್ಬರನ್ನು ಕರೆಸಲು ನಿಜಾಮರು 1000 ಪೌಂಡ್ ಕೊಟ್ಟರು. ಲಾರಿಯ ಹಟ ಒಂದೇ: ನಾಡಿ ಹಿಡಿದು ಕೂರಬೇಡಿ, ಉಸಿರು ನೋಡಿ. ಹೃದಯಕ್ಕೆ ಕ್ಲೋರೋಫಾರಂನಿಂದ ನೇರ ಅಪಾಯವಿಲ್ಲ ಅನ್ನೋ ಅವನ ವಾದ ಮುಂದೆ ಬಿದ್ದುಹೋಯಿತು. ಉಸಿರು ನೋಡಿ ಅನ್ನೋದು ಉಳಿಯಿತು.

ಅಂದರೆ ದವಡೆ ಮುಂದೆ ಬಂದರೆ ಗಾಳಿ ಹೋಗುತ್ತದೆ, ಹಿಂದೆ ಬಿದ್ದರೆ ಕಟ್ಟುತ್ತದೆ ಅನ್ನೋದು 19ನೇ ಶತಮಾನದಲ್ಲೇ ಆಪರೇಷನ್ ಟೇಬಲ್ಲಿನ ತಲೆಯ ಕಡೆ ನಿಂತವರಿಗೆ ಗೊತ್ತಿತ್ತು. ಅದೇ ಟೇಬಲ್ಲಿನ ಇನ್ನೊಂದು ಬದಿಯಲ್ಲಿ ಗರಗಸ ಹಿಡಿದವರ ಕಥೆ ಬೇರೆಯೇ ದಾರಿ ಹಿಡಿಯಿತು.

ಆ ಕಥೆ ಶುರುವಾಗುವುದು ಅಮೆರಿಕದ ವೀಲಿಂಗ್ ಎಂಬ ಊರಲ್ಲಿ. ಸೈಮನ್ ಹಲಿಹೆನ್ ಹಲ್ಲಿನ ವೈದ್ಯನೂ ಹೌದು, ಸರ್ಜನ್ನೂ ಹೌದು. ಬೆಂಕಿಯಲ್ಲಿ ಸುಟ್ಟ ಕತ್ತಿನ ಚರ್ಮ ಬಿಗಿದುಕೊಂಡು, ಕೆಳದವಡೆಯ ಮುಂಭಾಗವೇ ಉದ್ದವಾಗಿ ಎಳೆದುಹೋಗಿದ್ದ ಒಬ್ಬ ತರುಣಿಯ ದವಡೆ ಕೊಯ್ದು ಸರಿಮಾಡಿದ ವರದಿಯನ್ನು ಅವನು 1849ರಲ್ಲಿ ಪ್ರಕಟಿಸಿದ. 1897ರಲ್ಲಿ ಸೇಂಟ್ ಲೂಯಿಸ್‌ನ ವಿಲ್ರೇ ಬ್ಲೇರ್ ಮುಂದಕ್ಕೆ ಚಾಚಿದ ಕೆಳದವಡೆಯ ಎರಡೂ ಬದಿಯಿಂದ ಮೂಳೆಯ ತುಂಡು ತೆಗೆದು ಹಿಂದಕ್ಕೆ ಸರಿಸಿದ. ಅದರ ಬಗ್ಗೆ ಬರೆದವರಲ್ಲಿ ಎಡ್ವರ್ಡ್ ಆಂಗಲ್ ಒಬ್ಬ. ಇವತ್ತು ನಮ್ಮ ಮಕ್ಕಳು ಹಾಕಿಸಿಕೊಳ್ಳೋ ಕ್ಲಿಪ್ಪಿನ ಶಾಸ್ತ್ರವನ್ನು ಕಟ್ಟಿದವನೇ ಅವನು. ಅವನಿಗೆ ಹಲ್ಲು ಹಲ್ಲಿಗೆ ಕೂರುವುದೇ ವೇದ. ಆ ಕಣ್ಣಿಗೆ ಮುಖವೆಂದರೆ ಪಕ್ಕದಿಂದ ತೆಗೆದ ಫೋಟೋ. ಫೋಟೋದಲ್ಲಿ ಗಂಟಲು ಕಾಣುವುದಿಲ್ಲ.

ಮೇಲ್ದವಡೆಯ ಕಥೆಗೆ ಫ್ರಾನ್ಸ್‌ಗೆ ಹೋಗಬೇಕು. ರೆನೆ ಲ ಫೋರ್ ಶವಗಳ ತಲೆಗೆ ಬೇರೆ ಬೇರೆ ಕಡೆಯಿಂದ ಹೊಡೆದು, ಮುಖದ ಮೂಳೆ ಎಲ್ಲಿ ಬಿರುಕು ಬಿಡುತ್ತದೆ ಅಂತ ನೋಡಿ 1901ರಲ್ಲಿ ಮೂರು ಗೆರೆಗಳನ್ನು ಗುರುತಿಸಿದ. ಹೊಡೆತದಲ್ಲಿ ಮುರಿಯುವ ಗೆರೆಯೇ ಮುಂದೆ ಬೇಕೆಂದು ಕೊಯ್ಯುವ ಗೆರೆಯಾಯಿತು. ಮೇಲಿನ ಹಲ್ಲುಗಳ ಬೇರಿಗಿಂತ ಮೇಲೆ ಅಡ್ಡಕ್ಕೆ ಹೋಗುವ ಆ ಮೊದಲ ಗೆರೆಯ ಹೆಸರು ಇವತ್ತಿಗೂ ಲ ಫೋರ್ ಒಂದು. ಆದರೆ ಇಡೀ ಮೇಲ್ದವಡೆ ಬಿಡಿಸಿದರೆ ಅದಕ್ಕೆ ರಕ್ತ ಎಲ್ಲಿಂದ ಹೋಗಬೇಕು ಅನ್ನೋ ಭಯ ಸರ್ಜನ್ನರನ್ನು ದಶಕಗಳ ಕಾಲ ತಡೆದಿತ್ತು. ಅಮೆರಿಕದ ವಿಲಿಯಂ ಬೆಲ್ 1970ರ ಆಸುಪಾಸಿನಲ್ಲಿ ಕೋತಿಗಳ ಮೇಲೆ ಪ್ರಯೋಗ ಮಾಡಿ, ಅಂಗುಳದ ಮಾಂಸ ಉಳಿಸಿಕೊಂಡರೆ ಮೂಳೆ ಬದುಕುತ್ತದೆ ಅಂತ ತೋರಿಸಿದ ಮೇಲೆ ಆ ಭಯ ಹೋಯಿತು.

ಈ ನಡುವೆ ಆಸ್ಟ್ರಿಯಾದ ಹ್ಯೂಗೋ ಓಬ್ವೆಗೇಸರ್ ಬಂದ. ಕೆಳದವಡೆಯ ಹಿಂಭಾಗವನ್ನು ಅಡ್ಡಕ್ಕೆ ಕತ್ತರಿಸದೆ ಒಳಪದರ, ಹೊರಪದರ ಅಂತ ಉದ್ದಕ್ಕೆ ಸೀಳಿದ. ಒಂದರ ಮೇಲೊಂದು ಜಾರಿಸಿದರೆ ದವಡೆ ಮುಂದಕ್ಕೂ ಹೋಗುತ್ತದೆ, ಹಿಂದಕ್ಕೂ ಹೋಗುತ್ತದೆ, ಮೂಳೆಗೆ ಮೂಳೆ ತಾಗಿಕೊಂಡೇ ಇರುವುದರಿಂದ ಬೇಗ ಕೂಡುತ್ತದೆ. ಬಿದಿರು ಸೀಳುವವರಿಗೆ ಇದು ತಟ್ಟನೆ ಅರ್ಥವಾದೀತು. 1957ರಲ್ಲಿ ಇಂಗ್ಲಿಷಿನಲ್ಲಿ ಬರೆದ, 1966ರಲ್ಲಿ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಆಸ್ಪತ್ರೆಯಲ್ಲಿ ಅಮೆರಿಕನ್ನರ ಮುಂದೆ ಉಪನ್ಯಾಸ ಕೊಟ್ಟ. ಮೇಲೆ ಕೆಳಗೆ ಎರಡನ್ನೂ ಒಂದೇ ಸಲಕ್ಕೆ ಸರಿಸುವ ಆಪರೇಷನ್ನನ್ನೂ ಅವನೇ ರೂಢಿಗೆ ತಂದ.

ಆಗಿನ ವಾರ್ಡಿನ ಒಂದು ವಿವರ ನನಗೆ ಮರೆಯೋಕಾಗಲ್ಲ. ಟೈಟೇನಿಯಂ ಪ್ಲೇಟು, ಸ್ಕ್ರೂ ಬರುವ ಮುಂಚೆ ಮೂಳೆ ಕೂಡುವವರೆಗೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಂತಿಯಿಂದ ಕಟ್ಟಿಬಿಡುತ್ತಿದ್ದರು, ಆರು ವಾರದ ಆಸುಪಾಸು. ವಾಂತಿಯಾಗಿ ಉಸಿರು ಕಟ್ಟಿದರೆ ತಕ್ಷಣ ಬಿಡಿಸಬೇಕಲ್ಲ, ಅದಕ್ಕೆ ಹಾಸಿಗೆಯ ಪಕ್ಕದಲ್ಲೇ ತಂತಿ ಕತ್ತರಿಸೋ ಇಕ್ಕಳ ಇಟ್ಟಿರುತ್ತಿದ್ದರು. ಉಸಿರಿನ ಭಯ ಅವರಿಗೆ ಇರಲಿಲ್ಲ ಅಂತಲ್ಲ. ಆ ಭಯಕ್ಕೆ ಆರು ವಾರದ ಗಡುವು ಇತ್ತು ಅಷ್ಟೇ. ಊತ ಇಳಿದು, ತಂತಿ ಬಿಚ್ಚಿ, ಫೋಟೋ ತೆಗೆದರೆ ಕೇಸು ಮುಗಿಯಿತು. ನಮ್ಮ ಆಫೀಸ್ ಭಾಷೆಯಲ್ಲಿ ಟಿಕೆಟ್ ಕ್ಲೋಸ್. ಹತ್ತು ವರ್ಷದ ನಂತರ ಅದೇ ಮನುಷ್ಯ ರಾತ್ರಿ ಹೇಗೆ ಮಲಗುತ್ತಾನೆ ಅನ್ನೋದು ಯಾರ ಟಿಕೆಟ್ಟೂ ಆಗಿರಲಿಲ್ಲ.

ಯಾಕೆಂದರೆ ನಿದ್ದೆಯಲ್ಲಿ ಉಸಿರು ನಿಲ್ಲೋದು ಒಂದು ಕಾಯಿಲೆ ಅಂತಲೇ ಪತ್ತೆಯಾಗಿರಲಿಲ್ಲ. ಸದಾ ತೂಕಡಿಸುವ ದಪ್ಪ ಹುಡುಗನೊಬ್ಬ ಡಿಕನ್ಸ್ 1836ರಲ್ಲಿ ಶುರುಮಾಡಿದ ಪಿಕ್‌ವಿಕ್ ಕಾದಂಬರಿಯಲ್ಲಿದ್ದಾನೆ. 1956ರಲ್ಲಿ ಬರ್ವೆಲ್ ಮತ್ತು ಸಂಗಡಿಗರು ಅಂಥ ರೋಗಿಗಳಿಗೆ ಪಿಕ್‌ವಿಕ್ ಹೆಸರನ್ನೇ ಇಟ್ಟರು, ಕಾರಣ ಬೊಜ್ಜು ಅಂದರು. 1965ರಲ್ಲಿ ಫ್ರಾನ್ಸಿನ ಗಾಸ್ತೋ ತಂಡ ಮತ್ತು ಜರ್ಮನಿಯ ಯೂಂಗ್, ಕೂಲೊ ರಾತ್ರಿಯಿಡೀ ದಾಖಲೆ ತೆಗೆದು ನೋಡಿದಾಗ ಉಸಿರು ಮತ್ತೆ ಮತ್ತೆ ನಿಲ್ಲುತ್ತಿರುವುದು ಕಂಡಿತು. ಆಗಿದ್ದ ಚಿಕಿತ್ಸೆ ಕತ್ತಿನಲ್ಲಿ ತೂತು ಕೊರೆದು ನಳಿಗೆ ಇಡುವುದು. 1976ರಲ್ಲಿ ಸ್ಟ್ಯಾನ್‌ಫರ್ಡಿನ ಕ್ರಿಶ್ಚಿಯನ್ ಗಿಯ್ಮಿನೋ ಇದಕ್ಕೆ ಸ್ಲೀಪ್ ಆಪ್ನಿಯಾ ಸಿಂಡ್ರೋಮ್ ಎಂದು ಹೆಸರಿಟ್ಟ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುವ ಯಂತ್ರ ತಂದ. ಇವತ್ತು ನಮ್ಮ ಟೀಮ್ ಲೀಡುಗಳ ಮಂಚದ ಪಕ್ಕದಲ್ಲಿರುವ ಸಿಪ್ಯಾಪ್ ಅದೇ.

ಎರಡು ಕಥೆಗಳು ಒಂದನ್ನೊಂದು ಭೇಟಿಯಾಗಿದ್ದು 1979ರಲ್ಲಿ. ಕೂವೋ ಮತ್ತು ಸಂಗಡಿಗರು ಚಿಕ್ಕ ಕೆಳದವಡೆಯ ಮೂವರು ಆಪ್ನಿಯಾ ರೋಗಿಗಳಿಗೆ ದವಡೆ ಮುಂದಕ್ಕೆ ತಂದರು, ಉಸಿರು ಸರಿಯಾಯಿತು. ಸ್ಟ್ಯಾನ್‌ಫರ್ಡಿನ ರಾಬರ್ಟ್ ರೈಲಿ, ನೆಲ್ಸನ್ ಪವೆಲ್ 80ರ ದಶಕದಲ್ಲಿ ಇದನ್ನೇ ಹಿಡಿದು ಬೆಳೆಸಿದರು. ಎರಡೂ ದವಡೆಯನ್ನು ಸುಮಾರು 10 ಮಿಲಿಮೀಟರ್ ಮುಂದಕ್ಕೆ ತರುವುದು. ಗೂಟ ಮುಂದೆ ಹೋದರೆ ಹಸುವೂ ಮುಂದೆ ಹೋಗಲೇಬೇಕು. ನಾಲಗೆ, ಅಂಗುಳದ ಪರದೆ, ಗಂಟಲ ಪಕ್ಕದ ಗೋಡೆ ಎಲ್ಲವೂ ಬಿಗಿಯುತ್ತವೆ. 2010ರಲ್ಲಿ ಹೋಲ್ಟಿ ಮತ್ತು ಗಿಯ್ಮಿನೋ ಅಲ್ಲಿಯವರೆಗಿನ ಅಧ್ಯಯನಗಳನ್ನು ಕೂಡಿಸಿ 627 ಜನರ ಲೆಕ್ಕ ತೆಗೆದರು. ಗಂಟೆಗೆ ಸರಾಸರಿ 63.9 ಸಲ ಉಸಿರು ಕಟ್ಟುತ್ತಿದ್ದದ್ದು 9.5ಕ್ಕೆ ಇಳಿದಿತ್ತು. ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಸಹಜ, 30 ದಾಟಿದರೆ ತೀವ್ರ ಅನ್ನೋದು ರೂಢಿಯ ಅಳತೆ. ಹಾಗಾಗಿ ಎಲ್ಲರೂ ಪೂರ್ತಿ ಗುಣವಾಗಲಿಲ್ಲ, ಆದರೆ ಇಳಿತ ಸಣ್ಣದಲ್ಲ.

ಇಷ್ಟಾದ ಮೇಲೆ ತಲೆಕೆಳಗಾದ ಪ್ರಶ್ನೆ ಏಳಲೇಬೇಕಲ್ಲ? ಮುಂದಕ್ಕೆ ತಂದರೆ ದಾರಿ ಅಗಲ ಆಗುವುದಾದರೆ, ಬ್ಲೇರ್ ಕಾಲದಿಂದ ಹಿಂದಕ್ಕೆ ತಳ್ಳಿಸಿಕೊಂಡವರ ಗತಿ ಏನು? 1987ರಲ್ಲಿ ರೈಲಿ ತಂಡವೇ ಅದನ್ನೂ ಬರೆಯಿತು. ಚಾಚಿದ ಕೆಳದವಡೆ ಹಿಂದಕ್ಕೆ ಸರಿಸಿಕೊಂಡ ಇಬ್ಬರು ರೋಗಿಗಳಿಗೆ ಆಪರೇಷನ್ ನಂತರ ಆಪ್ನಿಯಾ ಶುರುವಾಗಿತ್ತು. ಇಬ್ಬರೇ. ಆದರೆ ಆ ಇಬ್ಬರಿಂದ ಒಂದು ಇಡೀ ಪೀಳಿಗೆಯ ಸರ್ಜನ್ನರು ಎಕ್ಸ್‌ರೇಯಲ್ಲಿ ಹಲ್ಲಿನ ಹಿಂದಿನ ಕಪ್ಪು ಜಾಗವನ್ನೂ ಅಳೆಯೋಕೆ ಶುರುಮಾಡಿದರು. ಆ ಕಪ್ಪು ಜಾಗ ಎಕ್ಸ್‌ರೇಯಲ್ಲಿ ಮೊದಲಿಂದಲೂ ಇತ್ತು ಅನ್ನೋದು ನನಗೆ ಈ ಇತಿಹಾಸದಲ್ಲಿ ಅತಿ ವಿಚಿತ್ರವಾಗಿ ಕಾಣುವ ಸಂಗತಿ.

ಮುಂದೆ ಬಂದ ಅಧ್ಯಯನಗಳು ಹೇಳುವುದು ಹೀಗೆ. ಕೆಳದವಡೆಯೊಂದನ್ನೇ ಹಿಂದಕ್ಕೆ ಸರಿಸಿದರೆ ನಾಲಗೆಯ ಹಿಂದಿನ ಜಾಗ ಕಿರಿದಾಗುತ್ತದೆ, ಹಯಾಯ್ಡ್ ಮೂಳೆ ಕೆಳಕ್ಕೆ ಇಳಿಯುತ್ತದೆ. ದೇಹ ಸ್ವಲ್ಪ ಮಟ್ಟಿಗೆ ಹೊಂದಿಕೊಳ್ಳುತ್ತದೆ, ಕತ್ತು ನಿಲ್ಲುವ ಭಂಗಿಯೇ ಬದಲಾಗುವುದುಂಟು. ಆರೋಗ್ಯವಾಗಿರುವ, ತೆಳ್ಳಗಿನ ತರುಣರಲ್ಲಿ ಹೆಚ್ಚಿನವರಿಗೆ ಆಪ್ನಿಯಾ ಬರುವುದಿಲ್ಲ. ಎಚ್ಚರ ಬೇಕಾದದ್ದು ದವಡೆ ತುಂಬಾ ಹಿಂದಕ್ಕೆ ಹೋಗಬೇಕಾದಾಗ, ಮೈತೂಕ ಹೆಚ್ಚಿದ್ದಾಗ, ಮೊದಲೇ ಗೊರಕೆ ಇದ್ದಾಗ. ಅದಕ್ಕೇ ಈಗ ಬಹಳಷ್ಟು ಸರ್ಜನ್ನರು ಕೆಳಗಿನದನ್ನು ಪೂರ್ತಿ ಹಿಂದಕ್ಕೆ ತಳ್ಳುವ ಬದಲು, ಮೇಲಿನದನ್ನು ಸ್ವಲ್ಪ ಮುಂದಕ್ಕೆ ತಂದು ಕೆಳಗಿನದನ್ನು ಸ್ವಲ್ಪವೇ ಹಿಂದಕ್ಕೆ ಸರಿಸುವ ಲೆಕ್ಕ ಹಾಕುತ್ತಾರೆ. ಹಲ್ಲು ಕೂರುವುದು ಅಷ್ಟೇ, ಗಂಟಲು ಕಳಕೊಳ್ಳುವುದು ಕಡಿಮೆ.

ನನಗೆ ಇದರ ಹುಚ್ಚು ಹಿಡಿದಿದ್ದು ಚಿಕ್ಕಪ್ಪನ ಮಗಳಿಂದ. ಕೆಲಸಕ್ಕೆ ಅಂತ ಬಂದು ನಮ್ಮ ಮನೆಯಲ್ಲೇ ಇದ್ದಳು. ಕೆಳದವಡೆ ಮುಂದು. ಊರಲ್ಲಿ ಅದಕ್ಕೆ ಇಟ್ಟಿದ್ದ ಅಡ್ಡಹೆಸರು ಇಲ್ಲಿ ಬರೆಯಲ್ಲ. ಒಂದೂವರೆ ವರ್ಷ ಕ್ಲಿಪ್ ಹಾಕಿಕೊಂಡು, ಆಪರೇಷನ್ನಿನ ಮಾತು ಬಂದಾಗ ಡಾಕ್ಟರು ಮೊದಲು ಕೇಳಿದ್ದು, "ರಾತ್ರಿ ಗೊರಕೆ ಬರುತ್ತೇನಮ್ಮಾ?" ಮನೆಗೆ ಬಂದು ಸಿಡಿದಳು: "ಅಣ್ಣ, ನಾನು ಮುಖ ಸರಿ ಮಾಡ್ಸೋಕೆ ಹೋದ್ರೆ ಅವ್ರು ಗೊರಕೆ ಕೇಳ್ತಾರೆ!" ಚಿಕ್ಕಮ್ಮನಿಗೆ ಫೋನ್ ಮಾಡಿದರೆ, "ಅವ್ರ ತಾತನ ಥರಾನೇ ಹೊಡೀತಾಳೆ" ಅಂದರು. ಒಂದು ರಾತ್ರಿ ಮೈತುಂಬ ವೈರು ಹಚ್ಚಿ ನಿದ್ದೆ ಪರೀಕ್ಷೆ ಆಯಿತು. ಸಣ್ಣ ಮಟ್ಟದ ಆಪ್ನಿಯಾ ಇತ್ತು. ಕೆಳಗಿನದು ಮಾತ್ರ ಅಂತಿದ್ದ ಆಪರೇಷನ್ ಎರಡೂ ದವಡೆಗೆ ಬದಲಾಯಿತು. ಖರ್ಚು ಹೆಚ್ಚು, ಹೊತ್ತು ಹೆಚ್ಚು. ಚಿಕ್ಕಪ್ಪ ಕೇಳಿದರು, "ಮೇಲಿಂದು ಚೆನ್ನಾಗೇ ಐತಲ್ಲೋ, ಅದನ್ಯಾಕೆ ಕುಯ್ಯಬೇಕು?" ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಹೋದದ್ದೇ ಈ ಬರಹ. ಅವರಿಗೆ ಹೇಳಿದ್ದು ಮಾತ್ರ ಇಷ್ಟೇ: "ಹಿಂದ್ಗಡೆ ಗೋಡೆ ಜರುಗಿಸೋಕಾಗಲ್ಲ ಚಿಕ್ಕಪ್ಪ. ಮುಂದ್ಗಡೆ ಗೋಡೆ ಪೂರ್ತಿ ಒಳಕ್ಕೆ ತಳ್ಳಿದ್ರೆ ಮನೆ ಚಿಕ್ಕದಾಗುತ್ತೆ." ಮನೆ ಕಟ್ಟಿಸಿದ ಮನುಷ್ಯ, ಒಪ್ಪಿದರು. ಅವಳಿಗೆ ಕೆಳತುಟಿ ಕೆಲವು ತಿಂಗಳು ಜೋಮು ಹಿಡಿದಂಗಿತ್ತು. ಕೆಳದವಡೆಯೊಳಗೆ ಹಾಯುವ ನರದ ಪಕ್ಕದಲ್ಲೇ ಮೂಳೆ ಸೀಳುವುದರಿಂದ ಅದು ಸಾಮಾನ್ಯ, ಕೆಲವರಿಗೆ ಪೂರ್ತಿ ಹೋಗುವುದೂ ಇಲ್ಲ.

ಇನ್ಶೂರೆನ್ಸ್ ಪಾಲಿಸಿ ಓದಿದರೆ ಈ ಹಳೆಯ ಇತಿಹಾಸ ಇನ್ನೂ ಜೀವಂತ ಇರುವುದು ಕಾಣುತ್ತದೆ. ಐಆರ್‌ಡಿಎಐ ಗೊತ್ತುಪಡಿಸಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ ಅಂದಕ್ಕಾಗಿ ಮಾಡುವ ಚಿಕಿತ್ಸೆ ಸೇರಿದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ್ದಾದರೆ, ಅಥವಾ ಆರೋಗ್ಯಕ್ಕೆ ಅಗತ್ಯ ಅಂತ ವೈದ್ಯರು ಬರೆದುಕೊಟ್ಟರೆ ವಿನಾಯಿತಿ. ಅಂದರೆ ಒಂದೇ ಕೊಯ್ತ ಫೋಟೋಗಾಗಿ ಆದರೆ ಒಂದು ಕಾಲಂ, ಉಸಿರಿಗಾಗಿ ಆದರೆ ಇನ್ನೊಂದು. ಕಂಪನಿ ಪಾಲಿಸಿ ಇದ್ದವರು ಆಪರೇಷನ್ನಿಗೆ ಮುಂಚೆ ಆ ಪುಟ ಓದಿಕೊಳ್ಳುವುದು ಒಳ್ಳೆಯದು. ಆಮೇಲೆ ಓದುವವರೇ ಹೆಚ್ಚು.

ಕರ್ನಾಟಕಕ್ಕೆ ಈ ವಿದ್ಯೆ ತೀರಾ ತಡವಾಗಿ ಬಂದದ್ದೇನಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದು, ಮಣಿಪಾಲದ್ದು 1965ರದು. ಬಾಯಿ ಮತ್ತು ದವಡೆಯ ಸರ್ಜನ್ನರ ಅಖಿಲ ಭಾರತ ಸಂಘ ಹುಟ್ಟಿದ್ದು 1969ರಲ್ಲಿ. 1986ರಲ್ಲಿ ಧಾರವಾಡದಲ್ಲಿ ಎಸ್‌ಡಿಎಂ ದಂತ ಕಾಲೇಜು ಬಂತು. ಆದರೆ ಇಲ್ಲಿನ ಡಾಕ್ಟರರು ದವಡೆಗೂ ಉಸಿರಿಗೂ ಇರುವ ಸಂಬಂಧ ಕಲಿತದ್ದು ಬರೀ ಸ್ಟ್ಯಾನ್‌ಫರ್ಡಿನ ಪುಸ್ತಕದಿಂದಲ್ಲ. ಅವರ ಮುಂದೆ ಬಂದು ಕೂರುತ್ತಿದ್ದ ರೋಗಿಗಳೇ ಬೇರೆ ಥರ.

ನಮ್ಮೂರ ಸ್ಕೂಲಿನಲ್ಲಿ ನನಗಿಂತ ಎರಡು ಕ್ಲಾಸು ಮುಂದೆ ಒಬ್ಬನಿದ್ದ. ಚಿಕ್ಕವನಿದ್ದಾಗ ಹುಣಸೆಮರದಿಂದ ಬಿದ್ದು ಗದ್ದಕ್ಕೆ ಪೆಟ್ಟಾಗಿತ್ತಂತೆ. ಗಾಯ ಒಣಗಿತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬರಬರುತ್ತಾ ಬಾಯಿ ತೆರೆಯೋದು ನಿಂತಿತು. ಬಿದ್ದುಹೋದ ಹಲ್ಲಿನ ಸಂದಿಯಿಂದ ರಾಗಿ ಗಂಜಿ, ಹಾಲಲ್ಲಿ ಕಿವುಚಿದ ಬಾಳೆಹಣ್ಣು. ಮುದ್ದೆ ಬಾಯಿಗಿಡೋಕೆ ಆಗದ ಒಬ್ಬನೇ ಹುಡುಗ ನಮ್ಮೂರಲ್ಲಿ. ಗದ್ದ ಬೆಳೆಯಲೇ ಇಲ್ಲ. ಕ್ಲಾಸಿನಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಿದ್ದ, ಮೇಷ್ಟ್ರ ಕೈಲಿ ಸೋಂಬೇರಿ ಅಂತ ಏಟು ತಿನ್ನುತ್ತಿದ್ದ.

ಅವನದು ದವಡೆ ಕೀಲಿನ ಆಂಕಿಲೋಸಿಸ್ ಅನ್ನೋದು ನನಗೆ ತಿಳಿದದ್ದು ಈಗ ಓದುವಾಗ. ಗದ್ದಕ್ಕೆ ಬಿದ್ದ ಪೆಟ್ಟು ಕಿವಿಯ ಮುಂದಿನ ಕೀಲಿಗೆ ಹೋಗಿ, ಅಲ್ಲಿ ಮೂಳೆಗೆ ಮೂಳೆ ಬೆಸೆದುಕೊಳ್ಳುತ್ತದೆ. ಕಿವಿಯ ಸೋಂಕಿನಿಂದಲೂ ಆಗುತ್ತದೆ. ಪೆಟ್ಟಾದ ಕೂಡಲೇ ನೋಡುವವರಿಲ್ಲದ ಕಡೆ ಇದು ಹೆಚ್ಚು, ಹಾಗಾಗಿ ಭಾರತದ ದೊಡ್ಡ ದಂತ ಆಸ್ಪತ್ರೆಗಳಿಗೆ ಇದು ಹೊಸದಲ್ಲ. ಕೀಲು ಕೆಟ್ಟರೆ ಕೆಳದವಡೆ ಬೆಳೆಯುವುದಿಲ್ಲ, ನಾಲಗೆಯ ಗೂಟ ಹಿಂದೆಯೇ ಉಳಿಯುತ್ತದೆ, ಆ ಮಗು ರಾತ್ರಿಯೆಲ್ಲಾ ಉಸಿರಿಗೆ ಒದ್ದಾಡುತ್ತದೆ. ಹಗಲು ತೂಕಡಿಸದೆ ಇನ್ನೇನು ಮಾಡೀತು?

ಇಂಥ ಮಕ್ಕಳಿಗೆ ಹಿಂದೆ ಮೊದಲು ಮಾಡುತ್ತಿದ್ದದ್ದು ಕೀಲು ಬಿಡಿಸಿ ಬಾಯಿ ತೆರೆಸುವುದು. ತಂದೆತಾಯಿ ಕೇಳುವುದೂ ಅದನ್ನೇ. ಆದರೆ ಬೆಸೆದ ಕೀಲನ್ನು ಕತ್ತರಿಸಿದರೆ ದವಡೆಗಿದ್ದ ಆಸರೆ ಹೋಗಿ ಅದು ಇನ್ನಷ್ಟು ಹಿಂದಕ್ಕೆ ಜರುಗಬಹುದು, ಬಾಯಿ ತೆರೆದರೂ ಗಂಟಲು ಇನ್ನೂ ಕಿರಿದಾಗಬಹುದು. ಇದನ್ನು ಕಂಡ ಮೇಲೆ ಉಸಿರಿನ ತೊಂದರೆ ಇರುವ ಮಕ್ಕಳಲ್ಲಿ ಹಲವು ಸರ್ಜನ್ನರು ಕ್ರಮವನ್ನೇ ತಿರುಗಿಸಿದರು. ಸೈಬೀರಿಯಾದ ಇಲಿಜರೋವ್ ಕಾಲಿನ ಮೂಳೆಯನ್ನು ನಿಧಾನವಾಗಿ ಎಳೆದು ಉದ್ದ ಮಾಡುವ ವಿದ್ಯೆ ಕಂಡುಹಿಡಿದಿದ್ದ. ಅದನ್ನು ಮಕ್ಕಳ ಕೆಳದವಡೆಗೆ ತಂದವನು ನ್ಯೂಯಾರ್ಕಿನ ಜೋಸೆಫ್ ಮೆಕಾರ್ಥಿ, 1992ರಲ್ಲಿ ವರದಿ ಬರೆದ. ದವಡೆಯ ಎರಡೂ ಬದಿ ಮೂಳೆ ಕೊಯ್ದು ಒಂದು ಸಣ್ಣ ಸಾಧನ ಕೂರಿಸುತ್ತಾರೆ. ಕೆಲವು ದಿನ ಬಿಟ್ಟು ಸ್ಕ್ರೂ ತಿರುಗಿಸಲು ಶುರು. ದಿನಕ್ಕೆ ಸುಮಾರು 1 ಮಿಲಿಮೀಟರ್, ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಮನೆಗೆ ಕಳಿಸಿದರೆ ತಿರುಗಿಸುವುದನ್ನು ತಾಯಿಗೇ ಹೇಳಿಕೊಟ್ಟಿರುತ್ತಾರೆ. ಸಂದಿಯಲ್ಲಿ ಹೊಸ ಮೂಳೆ ತುಂಬುತ್ತಾ ಬರುತ್ತದೆ, ಗದ್ದ ಮುಂದೆ ಬರುತ್ತದೆ, ಗೊರಕೆ ಇಳಿಯುತ್ತದೆ. ಮೂಳೆ ಗಟ್ಟಿಯಾಗೋಕೆ ಎರಡು ಮೂರು ತಿಂಗಳು ಸಾಧನ ಹಾಗೇ ಇರುತ್ತದೆ. ಆಮೇಲೆ ಕೀಲು ಬಿಡಿಸುತ್ತಾರೆ. ಅದು ಮತ್ತೆ ಬೆಸೆಯದ ಹಾಗೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಬೇಕು. ಅದಕ್ಕೆ ದೊಡ್ಡ ಯಂತ್ರವೇನೂ ಬೇಡ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ಬಾಯಿ ಪಳಗಿದ ಹಾಗೆ ಒಂದೊಂದೇ ಕಡ್ಡಿ ಹೆಚ್ಚಿಸುತ್ತಾ ಹೋಗುತ್ತಾರೆ.